ಮಡಚು ಮಂಚ

ಮೊಣಕಾಲು ಮೊದಲೇ ಹೇಳಿತ್ತು: ನೆಲ ಬೇಡ.
ಇಳಿಯುವುದಕ್ಕೇನು, ಇಳಿದೇನು,
ಏಳುವಾಗ ಯಾರಾದರೂ ಕೈ ಹಿಡಿಯಬೇಕು.
ಕೈ ಕೊಟ್ಟವರ ಪಟ್ಟಿ ನನ್ನಲ್ಲಿ ಉದ್ದ ಇದೆ,
ಹಿಡಿದವರದು ಗಿಡ್ಡ.

ಆ ಗಿಡ್ಡ ಪಟ್ಟಿಯ ಜುಲೇಖಾ ಫೋನು ಮಾಡಿದ್ದಳು:
ಡಿಸೆಂಬರ್ ಹದಿಮೂರು, ಕೈವಾರದ ಆಚೆ ಬಂಡೆ ಮೇಲೆ
ರಾತ್ರಿಯಿಡೀ ಉಲ್ಕೆ ಉದುರುತ್ತವಂತೆ,
ಡಿಪೋದವರು ಐದು ಜನ, ಎಲ್ಲ ರಿಟೈರು,
ಹಾಸಿಗೆ ಅವರವರದು.

ಹಾಗಾಗಿ ಎಸ್.ಜೆ.ಪಿ. ರಸ್ತೆ,
ಟಾರ್ಪಾಲು, ಹಗ್ಗ, ಗಂಬೂಟುಗಳ ಅಂಗಡಿ,
ಹೊಸ ರಬ್ಬರಿನ ವಾಸನೆ.
ಮುನಿಯಲ್ಲಪ್ಪ ಮೂರು ಬಿಡಿಸಿಟ್ಟ.
ಕಬ್ಬಿಣದ್ದು ಹನ್ನೊಂದು ಕೆಜಿ,
ಅದನ್ನು ಹೊರುವುದಕ್ಕೇ ಇನ್ನೊಬ್ಬಳು ಬೇಕು.
ಎರಡನೆಯದು ಹಗುರ, ಬೆಳ್ಳಗೆ, ದುಬಾರಿ,
ನೆಲದಿಂದ ಒಂದು ಗೇಣು ಎತ್ತರ.
ಗೇಣು ಇಳಿದರೂ ಇಳಿದಂತೆಯೇ ಕಣಯ್ಯ, ಅಂದೆ.
ಮೂರನೆಯದು ಪಾಚಿಹಸಿರು ಕ್ಯಾನ್ವಾಸು,
ಕತ್ತರಿಗಾಲು, ಬಸ್ಸಿನ ಸೀಟಿನಷ್ಟೇ ಎತ್ತರ.

'ನೂರೈವತ್ತು ಕೆಜಿ ತಡೆಯುತ್ತೆ ಮೇಡಂ, ಬರೆದವ್ರೆ ನೋಡಿ.'
ನಮ್ಮ ಗಾಡಿಯಲ್ಲೂ ಬರೆದಿತ್ತು,
ಕೂರುವವರು ಇಷ್ಟು, ನಿಲ್ಲುವವರು ಇಷ್ಟು.
ಸಂಜೆ ಆರಕ್ಕೆ ಮೆಜೆಸ್ಟಿಕ್ಕಿನಲ್ಲಿ
ಆ ಬರಹ ಯಾರ ಬೆನ್ನ ಹಿಂದೆ ಇರುತ್ತಿತ್ತೋ.

'ಅಂಗಾದ್ರೆ ಮಲಗಿ ನೋಡಿ.'

ಇಪ್ಪತ್ತೊಂಬತ್ತು ವರ್ಷ ಈ ಊರಿನ ರಸ್ತೆಗಳಲ್ಲಿ
ನಿಂತಿದ್ದೇನೆ, ಜೋತಾಡಿದ್ದೇನೆ,
ಕಂಬಿಗೆ ಸೊಂಟ ಆನಿಸಿ ಚಿಲ್ಲರೆ ಎಣಿಸಿದ್ದೇನೆ.
ಮಲಗಿಲ್ಲ.
ಗಂಡಸರು ಮಲಗುವುದನ್ನು ಕಂಡಿದ್ದೇನೆ:
ಕಬ್ಬನ್ ಪಾರ್ಕಿನ ಹುಲ್ಲಲ್ಲಿ, ಫ್ಲೈಓವರಿನ ಕೆಳಗೆ,
ಆಟೋದಿಂದ ಕಾಲು ಹೊರಚಾಚಿ, ಮಟಮಟ ಮಧ್ಯಾಹ್ನ
ಮುಖದ ಮೇಲೊಂದು ಟವೆಲ್ಲು,
ಊರೆಂದರೆ ಅವರ ಅಜ್ಜಿಮನೆ.

ಚಪ್ಪಲಿ ಬಿಟ್ಟೆ. ನೆರಿಗೆ ಸರಿಮಾಡಿ ಒರಗಿದೆ.
ಕ್ಯಾನ್ವಾಸು ಒಮ್ಮೆ ಗೊಣಗಿ ಸುಮ್ಮನಾಯಿತು.
ಕೈಚೀಲ ತಾನಾಗಿ ಹೊಟ್ಟೆಯ ಮೇಲೆ ಬಂತು,
ಹಳೆಯ ಚಾಳಿ.

ಮೇಲೆ ಫ್ಯಾನು, ಜೇಡರಬಲೆ, ಸುರುಳಿ ಸುರುಳಿ ಹಗ್ಗ,
ಯಾವ ವರ್ಷದ್ದೋ ಆಯುಧಪೂಜೆಯ ಒಣಗಿದ ಮಾವಿನೆಲೆ.
ಹೊರಗೆ ಹಾರ್ನು. ಕಣ್ಣು ಮುಚ್ಚಿಯೇ ಗೊತ್ತಾಯಿತು,
ನಮ್ಮದೇ ಗಾಡಿ, ಬ್ರೇಕು ಸವೆದಿದೆ,
ಸ್ಟಾಪು ದಾಟಿಸಿ ನಿಲ್ಲಿಸಿದ ಪುಣ್ಯಾತ್ಮ.
ನೀಲಿ ಟಾರ್ಪಾಲು ಕೇಳಲು ಬಂದ ಗಿರಾಕಿ
ನನ್ನ ಪಾದ ನೋಡಿ ಅಳತೆ ಮರೆತ.
ಏಳಲಿಲ್ಲ ನಾನು.
ಮುನಿಯಲ್ಲಪ್ಪ ಕೆಮ್ಮಿದ.
ಆಗಲೂ.

ಮೂರು ಸಾವಿರದ ನಾನೂರು ಅಂದವನು
ಎರಡು ಒಂಬೈನೂರೈವತ್ತಕ್ಕೆ ಇಳಿದ, ಚೀಲ ಸೇರಿ.
ಮಲಗಿಕೊಂಡೇ ಚೌಕಾಸಿ ಮಾಡಿದವರು
ಅವನಿಗೆ ನಾನೇ ಮೊದಲಂತೆ.

ಬಸ್ಸಿನಲ್ಲಿ ಕಂಡಕ್ಟರ್ ಹುಡುಗಿ,
ಇನ್ನೂ ಯೂನಿಫಾರಮ್ಮಿನ ಗಂಜಿ ಹೋಗಿಲ್ಲ.
'ಅದೇನಮ್ಮ ಉದ್ದುದ್ದ?'
'ಮಂಚ.'
'ಮಂಚಾನಾ?' ನಕ್ಕಳು, ಆಮೇಲೆ
ನಗು ನಿಲ್ಲಿಸಿ, 'ಲಗೇಜು ಆಗುತ್ತೆ.'
ಸ್ಟಾಫು ಅನ್ನಬಹುದಿತ್ತು. ಅನ್ನಲಿಲ್ಲ.
ಮಾರ್ಕೆಟ್ಟಿನಲ್ಲಿ ಚೆಂಡುಹೂವಿನ ಮೂಟೆಯವಳಿಗೆ
ನಾನು ಎಂದಾದರೂ ಬಿಟ್ಟಿದ್ದೆನೇ?
ನನಗೆ ಸೊನ್ನೆಯ ಚೀಟಿ, ಮಂಚಕ್ಕೆ ಹತ್ತು ರೂಪಾಯಿ.
ಎರಡನ್ನೂ ಮಡಚಿ ಬಳೆಗೆ ಸಿಕ್ಕಿಸಿಕೊಂಡೆ.

ರಾತ್ರಿ ತಾರಸಿಯ ಮೇಲೆ,
ನೀರಿನ ಟ್ಯಾಂಕಿಗೂ ಬಟ್ಟೆ ತಂತಿಗೂ ನಡುವೆ
ಬಿಡಿಸಿದೆ. ಎಲ್ಲ ಕೂತಿತು,
ಕೊನೆಯ ಅಡ್ಡಪಟ್ಟಿ ಮಾತ್ರ ಕೂರಲೊಲ್ಲದು.
ಎಳೆದೆ, ಬೈದೆ, ನೀರು ಕುಡಿದು ಬಂದೆ.
ಕಡೆಗೆ ಅದೇ ಮೊಣಕಾಲು ಊರಿ ಒತ್ತಿದಾಗ
ಠಕ್ಕೆಂದಿತು. ಕಂಬಿಯೋ ಕೀಲೋ ತಿಳಿಯಲಿಲ್ಲ.

ಆಕಾಶ ತೊಳೆಯದ ಹಾಲಿನ ಪಾತ್ರೆಯ ಬಣ್ಣ.
ಎರಡು ನಕ್ಷತ್ರ. ಒಂದು ಚಲಿಸಿತು:
ದೇವನಹಳ್ಳಿಗೆ ಇಳಿಯುವ ವಿಮಾನ.
ಉಳಿದದ್ದನ್ನು ನೋಡುತ್ತ ಬಿದ್ದುಕೊಂಡೆ,
ಕಿವಿಯ ಬಳಿ ಗುಂಯ್ಯೆನ್ನುವವರೆಗೆ.

ಸೊಳ್ಳೆಪರದೆ ಮುನ್ನೂರೈವತ್ತು ಅಂದಿದ್ದ.
ಬೇಡ ಅಂದಿದ್ದೆ.